ಕರಿಯನಿಗೊಂದು ಕೆಲಸ

ಎದುರುಮನೆ ಅತ್ತೆಯ ಐದು ಕೋಳಿ ಕೊಂದ ಮೇಲೆ ನಮ್ಮ ಕರಿಯನ ಕುತ್ತಿಗೆಗೆ ಸರಪಳಿ ಬಿತ್ತು. ಅಲ್ಲಿಯವರೆಗೆ ಅವನು ಕಟ್ಟು ಕಂಡವನಲ್ಲ. ಬೆಳಿಗ್ಗೆ ಅಪ್ಪನ ಹಿಂದೆ ತೆಂಗಿನ ತೋಟಕ್ಕೆ ಹೋಗಿ, ಮಧ್ಯಾಹ್ನ ಕೊಟ್ಟಿಗೆ ಪಕ್ಕ ಮಲಗಿ, ಸಂಜೆ ಊರೆಲ್ಲ ಒಂದು ಸುತ್ತು ಹೊಡೆದು ಬರುತ್ತಿದ್ದ ನಾಯಿ. ಈ ಸಲ ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಯಿತು, ತೋಟದ ಓಡಾಟ ನಿಂತಿತು. ಕರಿಯನಿಗೂ ತೋಟ ತಪ್ಪಿತು. ಕೋಳಿ ಹಿಡಿಯುವುದು ಶುರುವಾಗಿದ್ದು ಆಮೇಲೆಯೇ ಅಂತ ನಮಗೆ ಹೊಳೆದದ್ದು ಬಹಳ ತಡವಾಗಿ.

ನಾವು ಅಂದರೆ ಅಕ್ಕ ಮತ್ತು ತಮ್ಮ. ತಿಪಟೂರು ಸೀಮೆಯವರು. ಇಬ್ಬರೂ ಕೂತು ಬರೆಯುತ್ತಿರುವುದರಿಂದ ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳುವುದಿಲ್ಲ. ತಪ್ಪುಗಳಲ್ಲಿ ಇಬ್ಬರದೂ ಸಮಪಾಲು.

ಕೋಳಿಗಳ ದುಡ್ಡು ಕೊಟ್ಟೆವು. ಅತ್ತೆ ತೆಗೆದುಕೊಂಡರು, ಆದರೆ ಸಮಾಧಾನವಾಗಲಿಲ್ಲ. "ನಿಮ್ಮ ನಾಯಿ ನಿಮಗೆ ಮುದ್ದು ಕಣ್ರವ್ವ, ನನ್ನ ಕೋಳಿ ನನಗೆ ಮುದ್ದು. ಗೌರಿ ಹಬ್ಬದೊಳಗೆ ಅದನ್ನ ಎಲ್ಲಾದ್ರೂ ಬಿಟ್ಟು ಬನ್ನಿ" ಅಂದರು. ಎಲ್ಲಾದರೂ ಅಂದರೆ ನಮ್ಮ ಕಡೆ ಅರ್ಥ ಗೊತ್ತೇ ಇದೆ. ಗೋಣಿಚೀಲದಲ್ಲಿ ಹಾಕಿ ಬೈಕಿನಲ್ಲಿ ಒಯ್ದು, ಗುರುತಿಲ್ಲದ ಊರಿನ ಸಂತೆ ಮಾಳದಲ್ಲಿ ಸುರಿದು ಬರುವುದು. ಅಪ್ಪ ಏನೂ ಮಾತಾಡಲಿಲ್ಲ. ಕೊಟ್ಟಿಗೆ ಕಂಬಕ್ಕೆ ಎಂಟಡಿ ಸರಪಳಿ ಬಿಗಿದರು.

ಮೊದಲ ವಾರ ರಾತ್ರಿಯೆಲ್ಲ ಬೊಗಳಿದ. ಎರಡನೇ ವಾರ ಕಂಬದ ಸುತ್ತ ಮಣ್ಣು ಕೆರೆದು ಗುಂಡಿ ಮಾಡಿದ. ಮೂರನೇ ವಾರ ಸುಮ್ಮನಾದ. ನಾವು ಪರವಾಗಿಲ್ಲ, ಒಗ್ಗಿಕೊಂಡ ಅಂದುಕೊಂಡೆವು. ಹತ್ತಿರ ಹೋಗಿ ನೋಡಿದರೆ ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲು ಹೋಗಿ, ಚರ್ಮ ಕೆಂಪಗೆ ಹುಣ್ಣಾಗಿತ್ತು. ಪಶು ಡಾಕ್ಟರು ನೋಡಿ ಮುಲಾಮು ಕೊಟ್ಟರು. ಆಮೇಲೆ, "ಇದಕ್ಕೆ ಹುಳವೂ ಇಲ್ಲ, ಕಜ್ಜಿಯೂ ಇಲ್ಲ. ಮಾಡಕ್ಕೆ ಕೆಲಸ ಇಲ್ಲ, ಅಷ್ಟೇ" ಅಂದರು.

ನಾಯಿಗೆ ಎಂಥ ಕೆಲಸ? ಬರುವ ದಾರಿಯಲ್ಲೇ ಮೊಬೈಲಿನಲ್ಲಿ ಹುಡುಕಿದೆವು. ಪೇಟೆ ಜನ ನಾಯಿಗೆ ಒಂದು ಥರದ ಆಟಿಕೆ ತರುತ್ತಾರೆ. ಒಳಗೆ ತಿಂಡಿ ತುಂಬಿಕೊಡುವುದು, ಅದು ಉರುಳಿಸಿ, ತಳ್ಳಿ, ಕೆರೆದು ಒಂದೊಂದೇ ಚೂರು ಬೀಳಿಸಿಕೊಂಡು ತಿನ್ನುವುದು. ಇದರ ಹಿಂದೆ ಒಂದು ಒಳ್ಳೆ ಕತೆಯೂ ಇದೆ. 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜೋ ಮಾರ್ಕಮ್ ಅನ್ನುವವರ ಹತ್ತಿರ ಫ್ರಿಟ್ಜ್ ಅಂತ ಒಂದು ಜರ್ಮನ್ ಶೆಫರ್ಡ್ ನಾಯಿ ಇತ್ತು. ಅದಕ್ಕೆ ಕಲ್ಲು ಕಡಿಯುವ ಚಟ, ಹಲ್ಲು ಸವೆದುಹೋಗುತ್ತಿತ್ತು. ಒಂದು ದಿನ ಮಾರ್ಕಮ್ ತಮ್ಮ ವೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡುತ್ತಾ ಅದರ ಒಂದು ರಬ್ಬರ್ ಭಾಗ ಎಸೆದರೆ, ನಾಯಿ ಕಲ್ಲು ಬಿಟ್ಟು ಅದನ್ನು ಹಿಡಿದುಕೊಂಡಿತಂತೆ. ಅದೇ ಆಕಾರದಲ್ಲಿ ಅವರು ಮಾಡಿದ ರಬ್ಬರ್ ಆಟಿಕೆ ಕಾಂಗ್ ಅನ್ನುವ ಹೆಸರಲ್ಲಿ ಇವತ್ತಿಗೂ ಮಾರಾಟವಾಗುತ್ತದೆ. ಬೆಲೆ ನೋಡಿ ಮೊಬೈಲು ಜೇಬಿಗಿಟ್ಟೆವು. ನಾವೇ ಮಾಡೋಣ ಅಂದುಕೊಂಡೆವು.

ತೆಂಗಿನ ಸೀಮೆಯವರಿಗೆ ಮೊದಲು ಕೈಗೆ ಸಿಗುವುದು ಕರಟ. ಕಣ್ಣಿನ ತೂತು ದೊಡ್ಡದು ಮಾಡಿ, ಒಳಗೆ ತಂಗಳು ಮುದ್ದೆ ಚೂರು, ಹುರಿದ ಕಡಲೆಬೀಜ ತುಂಬಿ ಕೊಟ್ಟೆವು. ಕರಿಯ ಒಗಟು ಬಿಡಿಸುವ ಗೋಜಿಗೇ ಹೋಗಲಿಲ್ಲ. ಹಿಂದಿನ ಹಲ್ಲಿಗೆ ಸಿಕ್ಕಿಸಿ ಕಟಕ್ ಅಂತ ಒಡೆದ. ಕರಟದ ಚೂರು ವಸಡಿಗೆ ಚುಚ್ಚಿ ರಕ್ತ ಬಂತು. ಅವತ್ತೇ ಕರಟಕ್ಕೆ ಕೈ ಮುಗಿದೆವು, ನೀವೂ ಮಾಡಬೇಡಿ.

ಆಮೇಲೆ ಪ್ಲಾಸ್ಟಿಕ್ ನೀರಿನ ಬಾಟಲಿ. ಪಕ್ಕದಲ್ಲಿ ನಾಲ್ಕು ತೂತು, ಒಳಗೆ ಕಡಲೆಬೀಜ. ಹತ್ತು ನಿಮಿಷ ಉರುಳಿಸಿದ, ನಾವು ವಿಡಿಯೋ ಮಾಡಿದೆವು, ಒಳಗೆ ಹೋಗಿ ಟೀ ಕುಡಿದು ಬಂದೆವು. ಬರುವಷ್ಟರಲ್ಲಿ ಬಾಟಲಿ ಚಿಂದಿ. ಮುಚ್ಚಳ ಕಾಣಲಿಲ್ಲ, ಅದರ ಕೆಳಗಿನ ಉಂಗುರವೂ ಕಾಣಲಿಲ್ಲ. ಇಬ್ಬರೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನೆಲ್ಲ ಜೋಡಿಸಿದೆವು. ಮುಚ್ಚಳ ಹುಲ್ಲಿನ ಬುಡದಲ್ಲಿ ಸಿಕ್ಕಿತು. ಉಂಗುರ ಎರಡು ದಿನ ಬಿಟ್ಟು, ಎಲ್ಲಿ ಸಿಗಬೇಕೋ ಅಲ್ಲಿ ಸಿಕ್ಕಿತು. ಕರುಳಿಗೆ ಸಿಕ್ಕಿಕೊಳ್ಳದೆ ಹೊರಗೆ ಬಂದದ್ದು ಅವನ ಪುಣ್ಯವೋ ನಮ್ಮದೋ.

ಇಷ್ಟು ಹೊತ್ತಿಗೆ ಅಜ್ಜಿಗೆ ತಡೆಯಲಾಗಲಿಲ್ಲ. "ಉಣ್ಣೋ ಅನ್ನಕ್ಕೆ ಬೀಗ ಹಾಕ್ತೀರೇನ್ರೋ? ಮೂಕಪ್ರಾಣಿ ಅದು. ಹಾಕಂಗಿದ್ರೆ ತಟ್ಟೆಗೆ ಹಾಕಿ, ಇಲ್ಲದಿದ್ರೆ ಬಿಡಿ" ಅಂದರು.

ಈ ಮಾತು ನಮ್ಮಿಬ್ಬರಿಗೂ ನಾಟಿತು. ಹಸಿದ ನಾಯಿಗೆ ಊಟ ತೋರಿಸಿ ಕುಣಿಸುವುದು ನಿಜಕ್ಕೂ ಕ್ರೌರ್ಯವೇ. ಮತ್ತೆ ಹುಡುಕಿ ಓದಿದೆವು. 1963ರಲ್ಲಿ ಗ್ಲೆನ್ ಜೆನ್ಸನ್ ಅನ್ನುವ ವಿಜ್ಞಾನಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದು ಕಡೆ ಬಟ್ಟಲಲ್ಲಿ ಬಿಟ್ಟಿ ಊಟ, ಇನ್ನೊಂದು ಕಡೆ ಸನ್ನೆ ಒತ್ತಿದರೆ ಬೀಳುವ ಅದೇ ಊಟ. ಬಿಟ್ಟಿ ಊಟ ಕಣ್ಣೆದುರೇ ಇದ್ದರೂ ಬಹಳಷ್ಟು ಇಲಿಗಳು ಸನ್ನೆ ಒತ್ತಿಯೇ ತಿಂದವು. ಆಮೇಲೆ ಬೇರೆ ಬೇರೆ ಪ್ರಾಣಿ ಪಕ್ಷಿಗಳಲ್ಲೂ ಇದೇ ಗುಣ ಕಂಡಿದ್ದಾರೆ. ಬೆಕ್ಕು ಮಾತ್ರ ಜಾಣ, ಬಿಟ್ಟಿ ಊಟವೇ ಸಾಕು ಅನ್ನುತ್ತದಂತೆ. ಇದನ್ನು ಅಜ್ಜಿಗೆ ಹೇಳಿದೆವು. "ಇಲಿಗೆ ಬಟ್ಟಲು ಪಕ್ಕದಲ್ಲೇ ಇತ್ತಲ್ಲ?" ಅಂತ ಕೇಳಿದರು. ನಾವು ಓದುವಾಗ ಅದನ್ನು ಗಮನಿಸಿರಲಿಲ್ಲ. ಅವತ್ತಿನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡೆವು: ಕರಿಯನ ಊಟ ತಟ್ಟೆಯಲ್ಲೇ, ಹೊತ್ತಿಗೆ ಸರಿಯಾಗಿ. ಆಟಿಕೆಯಲ್ಲಿ ಇಡುವುದು ಬರೀ ಕುರುಕಲು.

ಮೂರನೆಯದು ಪಿವಿಸಿ ಪೈಪು. ಬೋರ್‌ವೆಲ್ ಲೈನು ಹಾಕಿಸಿದಾಗ ಉಳಿದಿದ್ದ ಮೂರಿಂಚಿನ ತುಂಡು, ಎರಡು ತುದಿಗೂ ಎಂಡ್ ಕ್ಯಾಪು. ಕಾದ ಕಂಬಿಯಲ್ಲಿ ತೂತು ಹಾಕಲು ಹೋಗಿ ಹೊಗೆಗೆ ಕಣ್ಣು ಮೂಗು ಉರಿದು ಓಡಿಬಂದೆವು. ಪಿವಿಸಿ ಸುಟ್ಟರೆ ಬರುವುದು ವಿಷದ ಹೊಗೆ. ಆಮೇಲೆ ಡ್ರಿಲ್ಲು ಕಡ ತಂದು ತೂತು ಹಾಕಿ, ಅರದಲ್ಲಿ ತಿಕ್ಕಿ ಅಂಚು ನುಣುಪು ಮಾಡಿದೆವು.

ತೂತು ಎಷ್ಟು ದೊಡ್ಡದಿರಬೇಕು ಅನ್ನುವುದೇ ಇಡೀ ಕೆಲಸ ಅಂತ ಆಗ ಗೊತ್ತಾಯಿತು. ಮೊದಲು ಕಿರುಬೆರಳಿನ ದಪ್ಪ ಹಾಕಿದೆವು. ಒಂದು ಚೂರೂ ಬೀಳಲಿಲ್ಲ. ಕರಿಯ ಸ್ವಲ್ಪ ಹೊತ್ತು ತಳ್ಳಿದ, ಮೂಸಿದ, ನಮ್ಮ ಮುಖ ನೋಡಿದ, ಆಮೇಲೆ ಅಲ್ಲೇ ಮಲಗಿ ಹುಣ್ಣಿನ ಕಾಲು ನೆಕ್ಕತೊಡಗಿದ. ಬೇಸರ ಕಳೆಯಲು ಕೊಟ್ಟ ವಸ್ತುವೇ ಬೇಸರ ತಂದಿತ್ತು. ಒಂದು ರೂಪಾಯಿ ನಾಣ್ಯದಷ್ಟು ಅಗಲ ಮಾಡಿದೆವು. ಒಂದೇ ಉರುಳಿಗೆ ಎಲ್ಲ ಸುರಿದುಹೋಯಿತು.

ಅಜ್ಜಿ ಜಗಲಿ ಮೇಲಿಂದ ನೋಡುತ್ತಲೇ ಇದ್ದರು. ಅವರು ವಯಸ್ಸಿನಲ್ಲಿ ಕೂರಿಗೆ ಹಿಂದೆ ನಡೆದು ರಾಗಿ ಬಿತ್ತಿದವರು. "ತೂತು ಒಂದೇ ನೋಡಿದ್ರೆ ಆಯ್ತಾ? ಕೂರಿಗೆ ಬಟ್ಟಲಿಗೆ ಬೊಗಸೆ ಬೀಜ ಒಟ್ಟಿಗೆ ಸುರಿದ್ರೆ ಒಂದೇ ಕಡೆ ಬಿದ್ದು ಪೈರು ಗುಪ್ಪೆ ಆಗ್ತದೆ. ಬೆರಳ ಸಂದೀಲಿ ಬಿಡಬೇಕು" ಅಂದರು. ತೂತು ಬೇರೆ, ಬೀಜ ಬಿಡುವ ಕೈ ಬೇರೆ. ನಮ್ಮ ಪೈಪಿಗೆ ಬೆರಳಿರಲಿಲ್ಲ. ಒಳಗೆ ಒಂದು ಅಡ್ಡ ಕಡ್ಡಿ ಸಿಕ್ಕಿಸಿದೆವು. ಚೂರುಗಳು ಅದಕ್ಕೆ ತಡೆದು, ತಿರುಗಿ, ಒಂದೊಂದಾಗಿ ಬಿದ್ದವು. ಚೂರಿಗಿಂತ ತೂತು ಒಂದೂವರೆ ಪಟ್ಟು ಇದ್ದರೆ ಸರಿಹೋಗುತ್ತದೆ ಅನ್ನುವುದು ನಮ್ಮ ಅನುಭವ.

ಆಟಿಕೆ ಗೆದ್ದಿತು ಅಂತ ಖುಷಿಯಲ್ಲಿ ತಿಪಟೂರಿಗೆ ಹೋದೆವು. ಅವತ್ತಿನದನ್ನು ಬರೆಯಲು ಈಗಲೂ ನಾಚಿಕೆ. ಮಧ್ಯಾಹ್ನ ವಾಪಸು ಬರುವಾಗ ಬೀದಿ ತಿರುವಿನಲ್ಲೇ ಕರಿಯನ ಕೂಗು ಕೇಳಿಸಿತು. ಬೊಗಳುವ ಕೂಗಲ್ಲ, ಕುತ್ತಿಗೆ ಬಿಗಿದ ಕೂಗು. ಪೈಪು ದುಂಡಗಿದೆ, ನಮ್ಮ ಅಂಗಳ ಇಳಿಜಾರು. ಅದು ಉರುಳಿಕೊಂಡು ಹೋಗಿ ಸರಪಳಿಗೆ ಸಿಗದಷ್ಟು ದೂರದಲ್ಲಿ ನಿಂತಿತ್ತು. ಒಂದೇ ಗೇಣು ದೂರ. ಕರಿಯ ಹಿಂಗಾಲ ಮೇಲೆ ನಿಂತು, ಸರಪಳಿ ಜಗ್ಗಿ, ಮುಂಗಾಲು ಗಾಳಿಯಲ್ಲಿ ಆಡಿಸುತ್ತಿದ್ದ. ಬಾಯಿ ತುಂಬ ನೊರೆ. ಮನೆಯಲ್ಲಿ ಅಜ್ಜಿ ಮಲಗಿದ್ದರು, ಅಪ್ಪ ಏಳುವ ಸ್ಥಿತಿಯಲ್ಲಿ ಇರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ. ನೆಲದ ಮೇಲೆ ಅವನ ಉಗುರು ಗೀಚಿದ ಗೆರೆಗಳನ್ನು ನೋಡಿದರೆ ಸುಮಾರು ಹೊತ್ತೇ ಇರಬೇಕು.

ಪೇಟೆಯ ಆಟಿಕೆಗಳೆಲ್ಲ ಬಿಚ್ಚಿಬಿಟ್ಟ ನಾಯಿಗೆ ಮಾಡಿದವು. ಕಟ್ಟಿಹಾಕಿದ ನಾಯಿಗೆ ಉರುಳುವ ಆಟಿಕೆ ಕೊಡುವುದು ಅಂದರೆ ಏನು ಅಂತ ನಾವು ಯೋಚಿಸಿಯೇ ಇರಲಿಲ್ಲ. ಅಜ್ಜಿ ಮೊದಲೇ ಹೇಳಿದ್ದ ಬೀಗ ಇದೇ ಆಗಿತ್ತೇನೋ. ಅವತ್ತು ಸಂಜೆ ಇಬ್ಬರೂ ಸೇರಿ ಅವನನ್ನು ಹಗ್ಗದಲ್ಲಿ ಹಿಡಿದು ತೋಟಕ್ಕೆ ಕರೆದುಕೊಂಡು ಹೋದೆವು. ಒಂದು ತಿಂಗಳ ಮೇಲೆ ಮೊದಲ ಸಲ. ಪ್ರತಿ ಮರದ ಬುಡ ಮೂಸಿದ. ಅಪ್ಪ ಕೂರುತ್ತಿದ್ದ ಕಲ್ಲಿನ ಹತ್ತಿರ ಹೋಗಿ ನಿಂತುಬಿಟ್ಟ, ಎಳೆದರೂ ಬರಲಿಲ್ಲ. ಅಲ್ಲಿಂದ ದಿನಾ ಬೆಳಿಗ್ಗೆ ಸಂಜೆ ತೋಟ ತಪ್ಪಿಸಿಲ್ಲ.

ಆದರೂ ನಡುಹಗಲಿನ ಹೊತ್ತು ಉಳಿಯಿತಲ್ಲ. ಕೊನೆಗೆ ಮಾಡಿದ್ದು ಉರುಳದ ಆಟಿಕೆ. ಹಳೇ ಮರದ ಎರಡು ಕಂಬ ನೆಟ್ಟು, ನಡುವೆ ಅಡ್ಡಲಾಗಿ ಒಂದು ಕಂಬಿ. ಆ ಕಂಬಿಗೆ ಒಂದೊಂದು ಅಡಿಯ ಮೂರು ಪೈಪು ತುಂಡು ಪೋಣಿಸಿದೆವು. ಕೆಳಬಾಯಿ ಕ್ಯಾಪು ಹಾಕಿ ಮುಚ್ಚಿದೆ, ಮೇಲ್ಬಾಯಿ ತೆರೆದಿದೆ. ಒಳಗೆ ತಿಂಡಿ ಹಾಕಿದರೆ ಪೈಪು ನೆಟ್ಟಗೆ ನಿಲ್ಲುತ್ತದೆ. ನಾಯಿ ಕಾಲಿನಿಂದಲೋ ಮೂತಿಯಿಂದಲೋ ಹೊಡೆದರೆ ತಲೆಕೆಳಗಾಗಿ ಚೂರು ಉದುರುತ್ತವೆ. ಇಲ್ಲಿ ಗುಟ್ಟು ಇರುವುದು ಕಂಬಿ ತೂರಿಸುವ ಜಾಗದಲ್ಲಿ. ನಟ್ಟನಡುವೆ ತೂರಿಸಿದರೆ ಗಾಳಿಗೂ ತಿರುಗುತ್ತದೆ. ಬಾಯಿ ಹತ್ತಿರ ತೂರಿಸಿದರೆ ಬುಡ ಭಾರವಾಗಿ ಎಷ್ಟು ಹೊಡೆದರೂ ಗಡಿಯಾರದ ಲೋಲಕದಂತೆ ತೂಗಾಡುತ್ತದೆಯೇ ಹೊರತು ಮಗುಚುವುದಿಲ್ಲ. ನಡುವಿಗಿಂತ ಎರಡು ಬೆರಳು ಮೇಲೆ, ಅಲ್ಲಿ ಸರಿಹೋಯಿತು. ಎತ್ತರ ಕರಿಯನ ಎದೆಮಟ್ಟಕ್ಕೆ. ಕಂಬಗಳು ಸರಪಳಿ ಅಳತೆಯೊಳಗೇ ಇವೆ, ಆದರೆ ಅಂಚಿನಲ್ಲಿ. ಹತ್ತಿರ ನೆಟ್ಟರೆ ಸರಪಳಿ ಸುತ್ತಿಕೊಳ್ಳುತ್ತದೆ.

ಮಾಡುವವರಿಗೆ ಇನ್ನೆರಡು ಮಾತು. ಕೈಯಲ್ಲಿ ಕೊಡುವ ಆಟಿಕೆ ಮಾಡಿದರೆ ಅದು ನಾಯಿಯ ಬಾಯೊಳಗೆ ಪೂರ್ತಿ ಹಿಡಿಯಬಾರದು. ಟೊಳ್ಳಾಗಿದ್ದು ಒಂದೇ ತೂತು ಇರಬಾರದು. ನೆಕ್ಕುವಾಗ ಒಳಗಿನ ಗಾಳಿ ಎಳೆದು ನಾಲಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಗಾಳಿಗೆ ಇನ್ನೊಂದು ತೂತು ಬೇಕೇ ಬೇಕು. ಅಗಲ ಬಾಯಿಯ ಡಬ್ಬಿ ಅಂತೂ ಬೇಡ. ತಲೆಗೆ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿಕೊಂಡು ಊರೂರು ಓಡುವ ನಾಯಿಯನ್ನು ನೀವೂ ನೋಡಿರ್ತೀರಿ. ತಿಂಡಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಬೇಡ, ನಾಯಿಗೆ ಅವು ವಿಷ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಚುಚ್ಚುತ್ತದೆ. ನಾವು ಹಾಕುವುದು ಬಿಸಿಲಲ್ಲಿ ಒಣಗಿಸಿದ ಮುದ್ದೆ ಚೂರು, ಉಪ್ಪಿಲ್ಲದ ನಾಲ್ಕು ಕಡಲೆಬೀಜ, ವಾಸನೆಗೆ ಒಂದು ಚೂರು ಬೇಯಿಸಿದ ಕೋಳಿ ಲಿವರು. ಕೋಳಿ ಕಳ್ಳನಿಗೆ ಕೋಳಿಯದೇ ಬಹುಮಾನವಾ ಅಂತ ಅಪ್ಪ ನಕ್ಕರು. ತುಂಬ ದಿನದ ಮೇಲೆ ನಕ್ಕರು. ರಾತ್ರಿ ಪೈಪು ಬಿಚ್ಚಿ ತೊಳೆದಿಡದಿದ್ದರೆ ಬೆಳಿಗ್ಗೆ ಹೊತ್ತಿಗೆ ಇರುವೆ ಸಾಲು.

ಮೊದಲ ದಿನ ಕರಿಯ ಮೂರೂ ಪೈಪು ಖಾಲಿ ಮಾಡಲು ನಲವತ್ತು ನಿಮಿಷ ತೆಗೆದುಕೊಂಡ. ವಾರದ ಹೊತ್ತಿಗೆ ಐದೇ ನಿಮಿಷ. ಈಗ ಒಂದೊಂದು ದಿನ ಒಂದೊಂದು ಥರ ಮಾಡುತ್ತೇವೆ. ಬಾಯಿಗೆ ಬಟ್ಟೆ ತುರುಕುತ್ತೇವೆ, ಎರಡು ಪೈಪು ಖಾಲಿ ಬಿಟ್ಟು ಒಂದರಲ್ಲಿ ಮಾತ್ರ ಹಾಕುತ್ತೇವೆ. ಅವನು ಹೊಡೆಯುವ ಮೊದಲು ಮೂರನ್ನೂ ಮೂಸಿ ನೋಡುತ್ತಾನೆ. ಖಾಲಿ ಪೈಪಿಗೆ ಕಾಲು ಹಾಕಿದ್ದನ್ನು ನಾವು ನೋಡಿಲ್ಲ. ಕಾಲಿನ ಹುಣ್ಣು ಒಣಗಿ ಹೊಸ ಕೂದಲು ಬಂದಿದೆ. ಮುಲಾಮಿನಿಂದಲೋ, ತೋಟದಿಂದಲೋ, ಪೈಪಿನಿಂದಲೋ ನಮಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. ತೋಟಕ್ಕೇ ಹೆಚ್ಚು ಪಾಲು ಕೊಡುತ್ತೇವೆ.

ಗೌರಿ ಹಬ್ಬದ ದಿನ ಅತ್ತೆ ಬಾಗಿನ ಕೊಡಲು ಬಂದರು. ಕರಿಯ ಪೈಪು ಹೊಡೆಯುವುದನ್ನು ಬಾಗಿಲಲ್ಲೇ ನಿಂತು ನೋಡಿದರು. ನಾಯಿ ವಿಷಯ ಎತ್ತಲಿಲ್ಲ. ಹೋಗುವಾಗ, "ಕಟ್ಟಿರೋ ತನಕ ಇರ್ಲಿ ಬಿಡಿ" ಅಂದರು. ನಮಗೆ ಬೇಕಾಗಿದ್ದು ಬಿಚ್ಚುವುದು. ಅದನ್ನು ಅವತ್ತು ಹೇಳಲಿಲ್ಲ.

ಈಗ ಒಂದು ಹೊಸ ಫಜೀತಿ. ಕರಿಯ ಬೀಳಿಸುವ ಮುದ್ದೆ ಚೂರು ಕೆಲವು ಅವನಿಗೆ ಸಿಗದಷ್ಟು ದೂರ ಸಿಡಿಯುತ್ತವೆ. ಅದನ್ನು ಆರಿಸಲು ಅತ್ತೆಯ ಕೋಳಿಗಳು ಬರುತ್ತಿವೆ. ಓಡಿಸಿದರೂ ಮತ್ತೆ ಬರುತ್ತವೆ. ನಿನ್ನೆ ಒಂದು ಕೆಂದು ಕೋಳಿ ಸರಪಳಿ ಅಳತೆಯ ಅಂಚಿಗೇ ಬಂದು ಕುಕ್ಕುತ್ತಿತ್ತು. ಕರಿಯ ಎತ್ತಿದ ಕಾಲು ಹಾಗೇ ಹಿಡಿದು ಅದನ್ನೇ ನೋಡಿದ. ಕೋಳಿಯೂ ತಲೆ ಎತ್ತಿತು. ನಾವಿಬ್ಬರೂ ಜಗಲಿ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವನು ಎತ್ತಿದ ಕಾಲಲ್ಲಿ ನಡುವಿನ ಪೈಪು ಹೊಡೆದ.