ಪೆರ್ಡೂರಿನಲ್ಲೊಂದು ಗೇಣಗಲದ ಕಡಲು

ಉಡುಪಿಯಿಂದ ಮಣಿಪಾಲ, ಪರ್ಕಳಗಳನ್ನು ಹಿಂದಿಕ್ಕಿ ಆಗುಂಬೆಯ ಕಡೆಗೆ ಸುಮಾರು 20 ಕಿಲೋಮೀಟರು ಸಾಗಿದರೆ ಪೆರ್ಡೂರು ಸಿಕ್ಕುವುದು. ಕದಳೀಪ್ರಿಯನೆಂದು ಹೆಸರಾಂತ ಅನಂತಪದ್ಮನಾಭನ ಸನ್ನಿಧಿ ಇಲ್ಲಿಯದು. ಭಕ್ತರು ಬಾಳೆಹಣ್ಣನ್ನೇ ಹರಕೆಯಾಗಿ ಒಪ್ಪಿಸುವರು. ಯಕ್ಷಗಾನದ ರಸಿಕರಿಗಂತೂ ಈ ಊರಿನ ಮೇಳದ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಸುತ್ತಲೂ ಅಡಕೆ, ತೆಂಗು, ಗದ್ದೆಗಳು. ಇಂತಹ ಒಳನಾಡಿನ ಊರಿನಲ್ಲಿ ಜೀವಂತ ಹವಳವನ್ನು ಕಾಣುವೆವೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

2024ರ ಏಪ್ರಿಲ್ ತಿಂಗಳ ಕಡುಬೇಸಗೆಯಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ದೇವರ ದರ್ಶನವನ್ನು ತೀರಿಸಿಕೊಂಡು ನಂಟರ ಮನೆಯನ್ನು ಸೇರಿದಾಗ, ಚಾವಡಿಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದು ಕಣ್ಣಿಗೆ ಬಿದ್ದಿತು. ಉಪ್ಪುನೀರು, ಎರಡು ಮೀನು, ಕಲ್ಲಿನ ಮೇಲೆ ಅಣಬೆಯ ಕೊಡೆಯಂತೆ ಅರಳುವ ಮೆತ್ತನೆಯ ಹವಳದ ಒಂದು ತುಂಡು. ಮನೆಯ ಮೊಮ್ಮಗಳ ಸೊತ್ತು ಅದು. ತಂದಾಗ ಜೇನಿನ ಬಣ್ಣವಿದ್ದುದು ಈಗ ತೊಳೆದ ಅಕ್ಕಿಯಂತೆ ಬಿಳಿಚಿಕೊಂಡಿತ್ತು. “ಮಾವ, ಇದು ಸತ್ತುಹೋಯಿತೇ?” ಎಂದು ಆ ಹುಡುಗಿ ಕೇಳಿದಳು.

ಬಲ್ಲವರಂತೆ ಉತ್ತರ ಹೇಳುವ ಚಾಪಲ್ಯ ನಮಗೆ ಹಿಂದಿನಿಂದಲೂ ಉಂಟು. ಹಲಗೆಯಡಿಯ ಹುಲ್ಲು ಬೆಳಕಿಲ್ಲದೆ ಬಿಳಿಯಾಗುವುದನ್ನು ಕಂಡಿದ್ದ ನಾವು, ಇದಕ್ಕೂ ಬೆಳಕು ಸಾಲದೆಂದು ನಿರ್ಣಯಿಸಿ ಹವಳವನ್ನು ದೀಪದ ಹತ್ತಿರದ ಕಲ್ಲಿಗೆ ಏರಿಸಿದೆವು. ಮರುದಿನ ನೋಡುವಾಗ ಅದು ಇನ್ನಷ್ಟು ಮುದುಡಿತ್ತು. ಹುಡುಗಿ ಏನೂ ಹೇಳಲಿಲ್ಲ. ಅವಳು ಹೇಳಿದ್ದರೆ ನಮಗೆ ಹಗುರವೆನಿಸುತ್ತಿತ್ತು.

ನಮ್ಮ ಮನೆಗಳಲ್ಲಿ ಹವಳವೆಂದರೆ ಉಂಗುರದ ಕೆಂಪು ಕಲ್ಲು. ಮೆಡಿಟರೇನಿಯನ್ ಮೊದಲಾದ ಸಮುದ್ರಗಳ ಆ ಹವಳದ ಬಣ್ಣ ಅದರ ಗಟ್ಟಿ ಮೈಯಲ್ಲಿಯೇ ಬೆರೆತಿರುವುದರಿಂದ ಪ್ರಾಣಿ ಸತ್ತ ಮೇಲೆಯೂ ಉಳಿಯುವುದು. ಬೆಚ್ಚನೆಯ ಕಡಲಿನ ದಿಬ್ಬಗಳಲ್ಲಿ ಬಾಳುವ ಹವಳಗಳ ಸಂಗತಿ ಬೇರೆ. ಅವುಗಳ ಮಾಂಸದೊಳಗೆ ಕಣ್ಣಿಗೆ ಕಾಣದ ಕಂದುಬಣ್ಣದ ಪಾಚಿಗಳು ಒಕ್ಕಲಿರುವುವು. ಪಾಚಿ ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ ಒಡೆಯನಿಗೆ ಉಣಿಸುವುದು. ಒಡೆಯನು ನೆಲೆಯನ್ನೂ ಗೊಬ್ಬರವನ್ನೂ ಕೊಡುವನು. ನೀರಿನ ಬಿಸಿ ಮಿತಿಮೀರಿದಾಗ, ಮೇಲಾಗಿ ಬೆಳಕೂ ತೀಕ್ಷ್ಣವಾಗಿದ್ದಾಗ, ಪಾಚಿಯ ಪಾಕಶಾಲೆ ಕೆಟ್ಟು ವಿಷವಸ್ತುಗಳು ಹುಟ್ಟುವುವು. ಆಗ ಹವಳವು ಒಕ್ಕಲನ್ನು ಹೊರಗೆ ಹಾಕಿ ತಾನೂ ಉಪವಾಸ ಬೀಳುವುದು. ಬಿಳುಪು ಸಾವಲ್ಲ, ಹಸಿವು. ವಾರಗಳೊಳಗೆ ತಂಪು ದೊರೆತರೆ ಪಾಚಿಗಳು ಮರಳಿ ಹೆಚ್ಚುವುವು. ಬೆಳಕು ಸಾಲದ ಹವಳವಾದರೋ ಬಹುಮಟ್ಟಿಗೆ ಕಪ್ಪುಗಂದಾಗುವುದೇ ಹೊರತು ಹೀಗೆ ಬೆಳ್ಳಗಾಗುವುದಿಲ್ಲ. ನಾವು ಮಾಡಿದ್ದು ಜ್ವರದವನನ್ನು ಬಿಸಿಲಿನಲ್ಲಿ ಕೂರಿಸಿದಂತಾಗಿತ್ತು.

ಉಷ್ಣಮಾಪಕವನ್ನು ಇಳಿಬಿಟ್ಟು ನೋಡಿದೆವು. ಮಧ್ಯಾಹ್ನ ಮೂರು ಗಂಟೆಗೆ 32 ಡಿಗ್ರಿ! ಇಂತಹ ತೊಟ್ಟಿಗೆ ಇರಬೇಕಾದುದು 25ರಿಂದ 27. ಮಂಜುಗಡ್ಡೆ ಹಾಕೋಣವೆಂದು ಮನೆಯ ಹಿರಿಯರು ಹೇಳಿದರು. ಒಮ್ಮೆಗೇ ತಣಿಸಿದರೆ ಅದೂ ಒಂದು ಪೆಟ್ಟೇ, ಆದುದರಿಂದ ಬೇಡವೆಂದೆವು. ಹವಳವನ್ನು ಕೆಳಗಿನ ನೆರಳಿಗೆ ಇಳಿಸಿದೆವು, ಬಳಿಕ ಅತ್ತಿತ್ತ ಕದಲಿಸಲಿಲ್ಲ. ದೀಪದ ಹೊತ್ತನ್ನು ಹತ್ತು ಗಂಟೆಯಿಂದ ಆರಕ್ಕೆ ಇಳಿಸಿ, ಸೆಕೆ ತಗ್ಗಿದ ಸಂಜೆಗೆ ಸರಿಸಿದೆವು. ಮುಚ್ಚಳವನ್ನು ತೆಗೆದು ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನು ತಿರುಗಿಸಿದೆವು. ಮಣ್ಣಿನ ಹೂಜಿ ನೀರನ್ನು ತಣಿಸುವ ನ್ಯಾಯವೇ ಇದು. ಆದರೆ ಕರಾವಳಿಯ ತೇವದ ಗಾಳಿಯಲ್ಲಿ ನೀರು ಬೇಗನೆ ಆರದು. ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಯಲಿಲ್ಲ. ಆರಿದ ನೀರಿನೊಡನೆ ಉಪ್ಪು ಹೋಗುವುದಿಲ್ಲವಾದ ಕಾರಣ, ಗಾಜಿನ ಮೇಲೆ ಗೆರೆ ಎಳೆದು ದಿನವೂ ಅಷ್ಟರ ಮಟ್ಟಿಗೆ ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ಕಡಲ ನೀರಿನ ಸಾವಿರ ಭಾಗದಲ್ಲಿ ಉಪ್ಪು ಸುಮಾರು 35 ಭಾಗ. ತೊಟ್ಟಿಯಲ್ಲಿಯೂ ಅದೇ ನಿಲ್ಲಬೇಕು.

ಇನ್ನೊಂದು ತಪ್ಪು ಹುಡುಗಿಯ ಅತಿಭಕ್ತಿಯದು. ಗಾಜಿಗೆ ಹಸುರು ಹತ್ತಿತೆಂದು ವಾರವಾರವೂ ಅರ್ಧ ನೀರನ್ನು ಚೆಲ್ಲಿ ಹೊಸದನ್ನು ತುಂಬುತ್ತಿದ್ದಳು. ಪರೀಕ್ಷೆಯ ಮದ್ದು ಬೆರೆಸಿ ನೋಡಿದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಇವು ವಿಪರೀತವಾದರೆ ಕೇಡು ನಿಜ, ಆದರೆ ಲವಲೇಶವೂ ಇಲ್ಲದಿದ್ದರೆ ಹವಳದೊಳಗಿನ ಪಾಚಿಗೆ ಗೊಬ್ಬರವೆಲ್ಲಿಯದು? ಬದಲಿಸುವ ನೀರನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿ, ಮೀನಿಗೆ ಹಾಕುವ ಆಹಾರವನ್ನು ಚಿಟಿಕೆಯಷ್ಟು ಹೆಚ್ಚಿಸಲು ಹೇಳಿದೆವು.

ಆ ಸಂಜೆ ಮಾವನವರು ಮನೆಯ ಹಳೆಯ ಮಾತೊಂದನ್ನು ತೆಗೆದರು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಹವಳದ ದ್ವೀಪಗಳು 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಅಲ್ಲಿಯವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಪೆರ್ಡೂರಿಗೂ ಆ ದ್ವೀಪಗಳಿಗೂ ಒಬ್ಬನೇ ಕಲೆಕ್ಟರನೆಂಬುದನ್ನು ಇಂದಿನ ಮಕ್ಕಳು ನಂಬಲಾರರು. ಆ ಲಕ್ಷದ್ವೀಪಗಳ ಹವಳಗಳೇ 1998, 2010, 2016ರಲ್ಲಿ ಬಿಳಿಚಿದುವು. ನಾವು ಚಾವಡಿಯಲ್ಲಿ ಫ್ಯಾನು ತಿರುಗಿಸುತ್ತಿದ್ದ ಆ 2024ರಲ್ಲಿಯೂ ಅಲ್ಲಿಯ ಕಡಲು ಕಾದು ಹವಳಗಳು ಮತ್ತೊಮ್ಮೆ ಬಿಳಿಚಿದುವು. ಅವಕ್ಕೆ ಫ್ಯಾನು ಹಿಡಿಯುವವರಿಲ್ಲ. ಮುಂಗಾರಿನ ಮೋಡ ಬಿಸಿಲನ್ನು ಮರೆಮಾಡಿ, ಗಾಳಿ ನೀರನ್ನು ಕಲಕಿದರೆ ಮಾತ್ರ ತಂಪು. ನಮ್ಮ ಕನ್ನಡ ಕರಾವಳಿಯಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿಯ ಹವಳಗಳೂ ಅದೇ ಮಳೆಯನ್ನೇ ಕಾಯಬೇಕು.

ಇದನ್ನೋದಿ ಯಾರಾದರೂ ನೇತ್ರಾಣಿಗೆ ಹೋಗಿ ತುಂಡೊಂದನ್ನು ಮುರಿದು ತರಬಾರದು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. ಹುಡುಗಿಯದು ಆ ಜಾತಿಯದಲ್ಲ. ತೊಟ್ಟಿಯಲ್ಲಿಯೇ ಬೆಳೆಸಿದ ಮೆತ್ತನೆಯ ಹವಳದಿಂದ ಕತ್ತರಿಸಿದ ಸಸಿ ಎಂಬುದನ್ನು ಕೇಳಿ ತಿಳಿದುಕೊಂಡ ಮೇಲೆಯೇ ನಾವು ಕೈಹಚ್ಚಿದ್ದು.

ಹೊರಡುವ ದಿನ ಅದು ಮೊದಲಿನಷ್ಟೇ ಬಿಳಿಯಾಗಿತ್ತು. ಜೂನಿನಲ್ಲಿ ಮಳೆ ಹಿಡಿದು ತೊಟ್ಟಿ 27ಕ್ಕೆ ಇಳಿದ ಸುದ್ದಿ ಬಂದಿತು. ನಡುವೆ ಒಂದು ವಾರ ಹವಳವು ಮುದುಡಿ ಮೈಮೇಲೆ ಮೇಣದಂತಹ ಪೊರೆ ಕಟ್ಟಿತೆಂದು ಹುಡುಗಿ ಗಾಬರಿಪಟ್ಟಳಂತೆ. ಈ ಜಾತಿ ಆಗಾಗ ಪೊರೆ ಕಳಚುವುದುಂಟು, ಮುಟ್ಟಬೇಡವೆಂದು ತಿಳಿಸಿದೆವು. ಆಗಸ್ಟಿನಲ್ಲಿ ನಾವು ಮತ್ತೆ ಪೆರ್ಡೂರಿಗೆ ಹೋದಾಗ ಅವಳು ಚಪ್ಪಲಿ ಬಿಡುವಷ್ಟು ಹೊತ್ತನ್ನೂ ನಮಗೆ ಕೊಡಲಿಲ್ಲ. ಕೊಡೆಯ ಒಂದು ಪಕ್ಕ ಇನ್ನೂ ಬಿಳಿ. ಬುಡದಿಂದ ಮೇಲಕ್ಕೆ ಮಾತ್ರ ತೆಳು ಜೇನಿನ ಬಣ್ಣ ಹತ್ತಿತ್ತು, ಅದರ ಮೇಲೆ ಎಂಟೆಸಳಿನ ಸಣ್ಣ ಹೂಗಳು ನೀರಿನ ಸೆಳೆತಕ್ಕೆ ಬಾಗುತ್ತಿದ್ದುವು. ದೀಪವನ್ನು ಈಗ ಏಳು ಗಂಟೆಗೆ ಏರಿಸಬಹುದೇ ಎಂದು ಅವಳು ಕೇಳಿದಳು. ವಾರಕ್ಕೆ ಕಾಲು ಗಂಟೆಯಂತೆ ಏರಿಸು ಎಂದೆವು.