ಬ್ರಸ್ಸೆಲ್ಸ್ ಪಟ್ಟಣದ ತಂತ್ರಾಂಶದ ಜಾತ್ರೆ

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸ್ಸೆಲ್ಸ್ ಪಟ್ಟಣದಲ್ಲಿ ಫೆಬ್ರವರಿ ಮಾಸದ ಮೊದಲ ದಿನಗಳು ಬಹಳ ಚಳಿಯವು. ಆಗ ವಿಹಾರಕ್ಕೆಂದು ಅಲ್ಲಿಗೆ ಹೋಗತಕ್ಕವರು ವಿರಳ. ಆದರೂ ವರ್ಷವರ್ಷವೂ ಸುಮಾರು ಅದೇ ಸಮಯದ ಒಂದು ಶನಿವಾರ ಭಾನುವಾರಗಳಲ್ಲಿ ನಾನಾ ದೇಶಗಳಿಂದ ಸಾವಿರಾರು ಮಂದಿ ಹೊರಟು, 1834ರಲ್ಲಿ ಸ್ಥಾಪಿತವಾದ ಅಲ್ಲಿಯ ಸ್ವತಂತ್ರ ವಿಶ್ವವಿದ್ಯಾನಿಲಯದ ಸೋಲ್‌ಬಾಷ್ ಆವರಣದಲ್ಲಿ ಬಂದು ನೆರೆಯುವರು. 2000ನೆಯ ವರ್ಷದಲ್ಲಿ ಹುಟ್ಟಿದ ಈ ಕೂಟಕ್ಕೆ ಫಾಸ್‌ಡೆಮ್ ಎಂದು ಹೆಸರು. ಸಾಂಕ್ರಾಮಿಕ ರೋಗದ ದೆಸೆಯಿಂದ 2021 ಮತ್ತು 2022ರಲ್ಲಿ ಮಾತ್ರ ಜನರು ತಮ್ಮ ತಮ್ಮ ಮನೆಗಳಲ್ಲಿದ್ದುಕೊಂಡೇ ಕೂಡಬೇಕಾಯಿತು. ಇದನ್ನು ಜಾತ್ರೆಯೆಂದರೆ ಸಲ್ಲುವುದು.

ಈ ಜಾತ್ರೆಯ ದೇವರು ಯಾವುದೆಂದು ವಾಚಕರು ಕೇಳಬಹುದು. ಗಣಕಯಂತ್ರವನ್ನು ನಡೆಸುವ ಬರಹಕ್ಕೆ ತಂತ್ರಾಂಶವೆನ್ನುವರು. ಅದನ್ನು ಯಾರು ಬೇಕಾದರೂ ಓದಿ, ತಿದ್ದಿ, ಇತರರಿಗೆ ಹಂಚಬಹುದೆಂದು ಬರೆದವರೇ ಬಿಟ್ಟುಕೊಟ್ಟಿದ್ದರೆ ಅದು ಮುಕ್ತ ತಂತ್ರಾಂಶ. ಅದು ಊರ ಕೆರೆಯಿದ್ದಂತೆ. ನೀರು ಎಲ್ಲರಿಗೂ ಉಂಟು; ಹೂಳೆತ್ತುವವರು ಮಾತ್ರ ಕೆಲವರು. ಆ ಕೆಲವರು ವರ್ಷಕ್ಕೊಮ್ಮೆ ಒಬ್ಬರ ಮುಖವನ್ನೊಬ್ಬರು ನೋಡುವ ಸ್ಥಳವಿದು.

ಅಲ್ಲಿಗೆ ಹೋದವನಿಗೆ ಮೊದಲು ಆಶ್ಚರ್ಯವನ್ನುಂಟುಮಾಡುವುದು ಬಾಗಿಲು. ಟಿಕೆಟ್ಟಿಲ್ಲ, ಹೆಸರು ಬರೆಯಿಸಬೇಕಾಗಿಲ್ಲ, ಯಾರೆಂದು ಕೇಳುವವರಿಲ್ಲ. ಮೊಗಸಾಲೆಗಳಲ್ಲಿ ಮೇಜುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದು ತಂತ್ರಾಂಶದವರೂ ತಮ್ಮ ಕೆಲಸವನ್ನು ತೋರಿಸುವರು. ಝಾನ್ಸನ್ ಎಂಬ ದೊಡ್ಡ ಸಭಾಂಗಣದಲ್ಲಿ ಸಾವಿರಕ್ಕೂ ಮಿಕ್ಕಿ ಆಸನಗಳಿವೆ. ಸಣ್ಣ ಕೊಠಡಿಗಳಾದರೋ ಬೇಗನೆ ತುಂಬಿ, ಒಳಗೆ ಸ್ಥಳವಿಲ್ಲವೆಂಬ ಕಾಗದವು ಬಾಗಿಲಿನ ಮೇಲೆ ಕಾಣಿಸುವುದು. ಬಾಗಿಲು ಕಾಯುವವರು, ಉಪನ್ಯಾಸಗಳ ಚಿತ್ರ ತೆಗೆಯುವವರು, ಕೊನೆಗೆ ಕಸ ತೆಗೆಯುವವರು, ಎಲ್ಲರೂ ಸ್ವಯಂಸೇವಕರೇ.

ಬಾಗಿಲು ತೆರೆದಿರುವುದೇನೋ ಸರಿ. ವಿಶ್ವಾಸವು ಅಷ್ಟು ಸುಲಭವಾಗಿ ದೊರೆಯತಕ್ಕದ್ದಲ್ಲ. ಹಿಂದೆ ಅನೇಕ ವರ್ಷಗಳಲ್ಲಿ ಜನರು ಇಲ್ಲಿ ಎದುರುಬದುರಾಗಿ ಉದ್ದ ಸಾಲು ನಿಂತು, ಪರಸ್ಪರರ ರಹದಾರಿಗಳನ್ನು ಪರೀಕ್ಷಿಸಿ, ಈತನು ಈತನೇ ಹೌದೆಂದು ಗಣಕದ ರುಜುವಿನಿಂದ ಸಾಕ್ಷಿ ಹೇಳುತ್ತಿದ್ದರು. 1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್ ಸಂಘದಲ್ಲಿ, ಹೊಸಬನು ಸಿದ್ಧಪಡಿಸಿದುದನ್ನು ಹಳಬನೊಬ್ಬನು ನೋಡಿ, ತನ್ನ ಹೊಣೆಯ ಮೇಲೆ ಒಳಗೆ ಸೇರಿಸುವನು. ಕೆಲಸದಿಂದ ಹೆಸರು ಬೆಳೆದ ಮೇಲೆಯೇ ಸದಸ್ಯತ್ವ.

ಇಷ್ಟು ಎಚ್ಚರಿಕೆ ಏತಕ್ಕೆಂಬುದು 2024ರಲ್ಲಿ ಲೋಕಕ್ಕೆ ತಿಳಿಯಿತು. ಕಡತಗಳನ್ನು ಕಿರಿದುಮಾಡುವ ಎಕ್ಸ್‌ಝೆಡ್ ಎಂಬ ತಂತ್ರಾಂಶದ ಭಾರವನ್ನು ಬಹುಕಾಲದಿಂದ ಹೆಚ್ಚುಕಡಿಮೆ ಒಬ್ಬರೇ ಹೊತ್ತಿದ್ದರು, ಅವರು ಬಳಲಿದ್ದರು. ಸಹಾಯಕನಾಗಿ ಬಂದ ಅಜ್ಞಾತನೊಬ್ಬನು ಎರಡು ವರ್ಷಗಳಿಗೂ ಮಿಕ್ಕಿ ದುಡಿದು, ಅವರ ವಿಶ್ವಾಸವನ್ನು ಗಳಿಸಿ, ಬೀಗದ ಕೈ ತನ್ನದಾದ ಮೇಲೆ ಅದರೊಳಗೆ ಕೋಟೆಯ ಕಳ್ಳಗಂಡಿಯಂತಹ ಗುಪ್ತದ್ವಾರವನ್ನಿರಿಸಿದನು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಯಂತ್ರದೊಳಗೆ ಪ್ರವೇಶವಾಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆಂದು ಹುಡುಕುತ್ತ ಹೋಗಿ, ಮಾರ್ಚ್ 29ರಂದು ಈ ಮೋಸವನ್ನು ಬಯಲಿಗೆಳೆದರು. ಬರಹವು ತೆರೆದಿದ್ದುದರಿಂದ ಅವರು ಹುಡುಕಲು ಶಕ್ತರಾದರು; ಕಾಯುವವರು ಕಡಿಮೆಯಾಗಿದ್ದುದರಿಂದ ಕಳ್ಳನಿಗೂ ಅವಕಾಶವಾಯಿತು.

ಆದುದರಿಂದ ಈ ಕೆರೆಗೆ ಶುದ್ಧವಾದ ಹೊಸ ಕೈಗಳು ಬೇಕು. ತಂತ್ರಾಂಶ ಬರೆಯಲು ಬಾರದವರಿಗೂ ಕೆಲಸವುಂಟು. ಮೊದಲು ಅದನ್ನು ಉಪಯೋಗಿಸಿ ನೋಡಬೇಕು. ದೋಷ ಕಂಡರೆ ಬೇರೆಯವರು ಆಗಲೇ ತಿಳಿಸಿರುವರೇ ಎಂದು ವಿಚಾರಿಸಿ, ತಾನು ಏನು ಮಾಡಿದೆ, ಯಂತ್ರವು ಏನು ಮಾಡಿತು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಕೈಪಿಡಿಯ ತಪ್ಪನ್ನು ತಿದ್ದಬಹುದು, ಭಾಷಾಂತರ ಮಾಡಬಹುದು. ಇಂತಹ ಕೆಲಸಗಾರರನ್ನೂ ಸದಸ್ಯರನ್ನಾಗಿ ಸ್ವೀಕರಿಸಬೇಕೆಂದು ಡೆಬಿಯನ್ ಸಂಘವು 2010ರಲ್ಲಿ ಮತದಿಂದ ನಿರ್ಣಯಿಸಿತು. ಆ ಸಂಘದ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ನಮ್ಮ ಕನ್ನಡದ ಅಕ್ಷರವಿನ್ಯಾಸಗಳೂ ಇವೆ. ಯಾರು ಬೇಕಾದರೂ ಕಾಸು ಕೊಡದೆ ಪಡೆಯಬಹುದು.

ಬ್ರಸ್ಸೆಲ್ಸಿಗೆ ಹೋಗುವುದು ಎಲ್ಲರಿಂದಲೂ ಆಗತಕ್ಕದ್ದಲ್ಲ, ಹೋಗಲೇಬೇಕೆಂಬುದೂ ಇಲ್ಲ. ಮನೆಯ ಮಗನೋ ಮಗಳೋ ರಾತ್ರಿಯ ಹೊತ್ತು ಗಣಕದ ಮುಂದೆ ಕುಳಿತು ಸಂಬಳವಿಲ್ಲದ ದುಡಿಮೆ ಮಾಡುತ್ತಿದ್ದರೆ, ಇದರಿಂದ ಏನು ಬಂತೆಂದು ಗದರಿಸುವ ಮುನ್ನ ಹಿರಿಯರು ಪಕ್ಕದಲ್ಲಿ ಕುಳಿತು, ಏನು ಕೆಲಸವೆಂದು ವಿಚಾರಿಸಲಿ. ಎಲ್ಲರೂ ಕುಡಿಯುವ ಕೆರೆಯಿಂದ ಒಂದು ಬುಟ್ಟಿ ಹೂಳನ್ನು ಆ ಮಗು ಹೊರುತ್ತಿರಬಹುದು.