ಹಡಗಿನ ಕೊನೆಯ ರೀಲು

ಸಿನಿಮಾ ಹುಚ್ಚಿನ ಗೆಳೆಯರೇ, ನಿಮಗೊಂದು ಪ್ರಶ್ನೆ. ತೆರೆಯ ಮೇಲೆ ‘ಶುಭಂ’ ಎಂದು ಬಿದ್ದು, ದೀಪ ಹತ್ತಿ, ಬಾಗಿಲು ತೆರೆದು, ಹೊರಗಿನ ಬಿಸಿಲು ಕಣ್ಣಿಗೆ ರಾಚುತ್ತದಲ್ಲ, ಆ ಒಂದು ನಿಮಿಷ ನಿಮಗೆ ಏನನ್ನಿಸುತ್ತದೆ? ಚಿತ್ರ ಚೆನ್ನಾಗಿತ್ತು ಎಂಬ ಖುಷಿಯೋ, ಮುಗಿದೇ ಹೋಯಿತಲ್ಲ ಎಂಬ ಬೇಜಾರೋ, ಮನೆಯಲ್ಲಿ ಬೈಗುಳ ಕಾದಿದೆ ಎಂಬ ಭಯವೋ? ಮೂರೂ ಒಟ್ಟಿಗೇ ಅಲ್ಲವೇ!

ಹಳಿಯಾಳದ ಟಾಕೀಸಿನಲ್ಲಿ ವರ್ಷಗಟ್ಟಲೆ ರೀಲು ಸುತ್ತಿದವನು ನಾನು. ಸಾವಿರಾರು ‘ಶುಭಂ’ಗಳನ್ನು ಆಪರೇಟರ್ ಕ್ಯಾಬಿನ್ನಿನ ಕಿಂಡಿಯಿಂದ ನೋಡಿದ್ದೇನೆ. ಆದರೆ ನನ್ನ ಸ್ವಂತದ್ದೊಂದು ‘ಶುಭಂ’ ಕಳೆದ ಚಳಿಗಾಲದಲ್ಲಿ ಗೋವೆಯ ಮಾರ್ಮಗೋವಾ ಬಂದರಿನಲ್ಲಿ ಬಿತ್ತು. ಆ ನಿಮಿಷದಲ್ಲಿ ನನಗಾದದ್ದು ಏನೆಂದು ತಿಳಿಯಲು ಮುಂಡಗೋಡದ ತನಕ ಹೋಗಬೇಕಾಯಿತು. ಆ ಕಥೆ ಕೇಳಿ.

ಮೊದಲು ಸ್ವಲ್ಪ ಫ್ಲ್ಯಾಶ್‌ಬ್ಯಾಕ್. 1978ರಲ್ಲಿ ‘ಸಿಂಗಾಪೂರಿನಲ್ಲಿ ರಾಜಾಕುಳ್ಳ’ ಬಂತು. ವಿಷ್ಣುವರ್ಧನ್, ದ್ವಾರಕೀಶ್ ಜೋಡಿ! ಕನ್ನಡದವರು ಸಮುದ್ರ ದಾಟಿ ಹೋಗಿ ಶೂಟಿಂಗ್ ಮಾಡಿಕೊಂಡು ಬಂದದ್ದು ಆಗ ದೊಡ್ಡ ಸುದ್ದಿ. ನಮ್ಮೂರಿಗೆ ಪ್ರಿಂಟ್ ಬಂದದ್ದು ತಡವಾಗಿ, ಮಳೆ ಸುರಿದ ಹಾಗೆ ಗೆರೆ ಬಿದ್ದಿತ್ತು. ಆದರೇನಂತೆ! ನನಗಾಗ ಹದಿನಾಲ್ಕು ದಾಟಿತ್ತು, ಆಪರೇಟರ್ ಕೈಕೆಳಗೆ ರೀಲು ಎತ್ತಿಕೊಡುವ ಹುಡುಗ. ನನ್ನ ಗೆಳೆಯನೊಬ್ಬ ಇಂಟರ್‌ವಲ್‌ನಲ್ಲಿ ಸೋಡಾ, ಶೇಂಗಾ ಮಾರುತ್ತಿದ್ದ. ಇಬ್ಬರೂ ಸೇರಿ ಆ ಚಿತ್ರವನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಕೊನೆಯ ಆಟ ಮುಗಿದ ರಾತ್ರಿ ಖಾಲಿ ಬೆಂಚಿನ ಮೇಲೆ ಕೂತು ಒಂದು ಕರಾರು ಮಾಡಿಕೊಂಡೆವು. ಜೀವನದಲ್ಲಿ ಒಮ್ಮೆಯಾದರೂ ಇಬ್ಬರೂ ಕೂಡಿ ಹಡಗು ಹತ್ತಬೇಕು.

ಗೆಳೆಯ ಸಿದ್ದಿ ಜನಾಂಗದವನು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಡೆಯ ಓದುಗರಿಗೆ ಸಿದ್ದಿಗಳೆಂದರೆ ಯಾರು ಎಂದು ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಗೋವೆಗೆ ತಂದ ಜನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಇಲ್ಲಿನ ಸಿದ್ದಿಗಳಲ್ಲಿ ಬಹಳ ಮಂದಿ ಅವರ ವಂಶದವರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಆದರೆ ಹದಿನಾಲ್ಕರ ವಯಸ್ಸಿನಲ್ಲಿ ನನಗೆ ಈ ಇತಿಹಾಸ ಎಲ್ಲಿ ಗೊತ್ತಿತ್ತು? ಅವನು ನನ್ನ ದೋಸ್ತ, ಅಷ್ಟೇ.

ವರ್ಷಗಳು ಉರುಳಿದವು. ಅವನು ಟಾಕೀಸು ಬಿಟ್ಟು ಮುಂಡಗೋಡ ಕಡೆಯ ತನ್ನ ಹೆಂಡತಿಯ ಊರು ಸೇರಿದ. ನಮ್ಮ ಟಾಕೀಸಿಗೂ ಬೀಗ ಬಿತ್ತು. ಪುಣೆಯಲ್ಲಿ ಕೆಲಸ ಮಾಡುವ ನನ್ನ ಮಗ ಒಂದು ದಿನ ಫೋನ್ ಮಾಡಿ, “ಅಪ್ಪಾ, ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಎರಡು ರಾತ್ರಿ. ಎರಡು ಟಿಕೆಟ್ ತೆಗೆಸ್ತೀನಿ” ಎಂದ. ನನ್ನಾಕೆ, “ನನಗ ನೀರು ಕಂಡ್ರ ತಲಿ ತಿರಗತೈತಿ, ನಿಮ್ಮ ದೋಸ್ತನ್ನ ಕರಕೊಂಡು ಹೋಗ್ರಿ” ಎಂದಳು. ತಡ ಮಾಡಲಿಲ್ಲ, ಅವನಿಗೆ ಫೋನ್ ಹಚ್ಚಿದೆ.

“ಹೋಗಿ ಬರೂದೋ, ಬರೇ ಹೋಗೂದೋ?” ಎಂದು ಕೇಳಿದ.

“ಬರೇ ಹೋಗೂದಲೇ. ಗೋವಾಕ್ಕ ಇಳಿಯೂದು, ಅಲ್ಲಿಂದ ರೈಲು.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಗದ್ದಿ ಕೆಲಸ ಐತಿ ದೋಸ್ತಾ, ಆಗೂದಿಲ್ಲ” ಎಂದುಬಿಟ್ಟ. ಕೊನೆಗೆ ದಾಂಡೇಲಿಯ ನಮ್ಮ ಅಕ್ಕನ ಮಗ ತನ್ನ ಪಾಳಿಗೆ ರಜೆ ಹಾಕಿ ನನ್ನ ಜೊತೆ ಹೊರಟ.

ಹಡಗೆಂದರೆ ಅದೇನು ಹಡಗು ಸ್ವಾಮೀ! ಮಹಡಿಯ ಮೇಲೆ ಮಹಡಿ. ಲಿಫ್ಟು, ಈಜುಕೊಳ, ನಾಟಕದ ಸ್ಟೇಜು, ಹೊತ್ತುಹೊತ್ತಿಗೆ ಊಟ. ದಾಂಡೇಲಿಯ ಕಾಳಿ ನದಿಯಲ್ಲಿ ತೆಪ್ಪ ನೋಡಿದ ಕಣ್ಣಿಗೆ ಇದು ನೀರಿನ ಮೇಲೆ ತೇಲುವ ಒಂದು ಪೇಟೆಯಂತೆ ಕಂಡಿತು. ಸಂಜೆ ಮುಂಬೈಯ ದೀಪಗಳು ಸಣ್ಣಗಾಗುತ್ತ ಹೋದಾಗ ನನ್ನ ಎದೆ ಝಲ್ಲೆಂದಿತು. ಅಳಿಯ ಸೆಲ್ಫಿ ಹೊಡೆದದ್ದೇ ಹೊಡೆದದ್ದು. “ಮಾಮಾ, ಹೀರೋ ಥರ ನಿಲ್ಲು” ಅಂತಾನೆ! ನಿಂತೆ. ಅರವತ್ತು ದಾಟಿದ ಹೀರೋ!

ಮಾರನೆಯ ದಿನವೆಲ್ಲ ಸುತ್ತ ನೀರೇ ನೀರು. ಆ ದಿನ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಆದರೆ ಎರಡನೆಯ ರಾತ್ರಿ ಊಟ ಮಾಡಿ ಕೋಣೆಗೆ ಬಂದರೆ ಮಂಚದ ಮೇಲೆ ಒಂದು ಕಾಗದ. ದೊಡ್ಡ ಚೀಲಗಳಿಗೆ ಚೀಟಿ ಕಟ್ಟಿ ರಾತ್ರಿಯೇ ಬಾಗಿಲ ಹೊರಗಿಡಿ, ಬೆಳಿಗ್ಗೆ ಇಷ್ಟು ಗಂಟೆಗೆ ಕೋಣೆ ಖಾಲಿ ಮಾಡಿ, ಹೆಚ್ಚಿನ ಖರ್ಚಿನ ಬಿಲ್ಲು ಕೌಂಟರಿನಲ್ಲಿ ಕಟ್ಟಿ... ಅಷ್ಟೇ! ಕನಸಿನ ನಡುವೆ ಯಾರೋ ತಟ್ಟಿ ಎಬ್ಬಿಸಿದಂತಾಯಿತು. ಹೊರಗೆ ಇಣುಕಿದರೆ ಉದ್ದಾನುದ್ದ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಚೀಲ, ಪೆಟ್ಟಿಗೆ. ನಿನ್ನೆ ಕುಣಿದವರೆಲ್ಲ ಇವತ್ತು ಗಂಟು ಕಟ್ಟಿ ಇಟ್ಟವರು.

ನಿದ್ದೆ ಬರಲಿಲ್ಲ. ಮೇಲಿನ ಡೆಕ್ಕಿಗೆ ಹೋದೆ. ನಮ್ಮ ಕೋಣೆ ನೋಡಿಕೊಳ್ಳುವ ಹುಡುಗ ಅಲ್ಲಿ ಕುರ್ಚಿ ಮಡಚುತ್ತಿದ್ದ. ನಾನು ಅಳಿಯನ ಜೊತೆ ಕನ್ನಡ ಆಡಿದ್ದನ್ನು ಕೇಳಿದ್ದನಂತೆ, ತಾನಾಗಿ ಮಾತಾಡಿಸಿದ. ಊರು ಕಾರವಾರದ ಹತ್ತಿರ.

“ಹಾಗಾದರೆ ನಾಳೆ ಗೋವಾದಲ್ಲಿ ಇಳಿದು ಮನೆಗೆ ಹೋಗಿ ಬರ್ತೀಯೇನಪ್ಪಾ?” ಎಂದೆ.

ನಕ್ಕ. “ಎಲ್ಲಿ ಸರ್! ನೀವು ಇಳೀತೀರಿ, ಮಧ್ಯಾಹ್ನಕ್ಕೆ ಬೇರೆಯವರು ಬರ್ತಾರೆ. ಅಷ್ಟರಲ್ಲಿ ಹಾಸಿಗೆ ಬದಲಿಸಬೇಕು. ಕಾಂಟ್ರ್ಯಾಕ್ಟ್ ಮುಗಿಯೋವರೆಗೆ ಹೀಗೇ. ಅಮ್ಮನಿಗೆ ಫೋನಲ್ಲೇ ಹೇಳ್ತೀನಿ, ಹತ್ತಿರದಲ್ಲೇ ಇದ್ದೀನಿ ಅಂತ.”

ನನ್ನ ಬೇಜಾರು ನನಗೇ ನಾಚಿಕೆಯೆನಿಸಿತು. ನಾನು ಮನೆಗೆ ಹೋಗಬೇಕಲ್ಲ ಎಂದು ಮುಖ ಸಣ್ಣ ಮಾಡಿದ್ದೆ. ಅವನು ಮನೆ ಅಷ್ಟು ಹತ್ತಿರವಿದ್ದೂ ಹೋಗಲಾರದವನು.

ಬೆಳಿಗ್ಗೆ ಮಾರ್ಮಗೋವಾ. ಮೆಟ್ಟಿಲಿಳಿದು ನೆಲಕ್ಕೆ ಕಾಲಿಟ್ಟರೆ ನೆಲವೇ ತೂಗುತ್ತಿದೆ! ಹಡಗಿನಿಂದ ಇಳಿದವರಿಗೆ ಸ್ವಲ್ಪ ಹೊತ್ತು ಹಾಗಾಗುತ್ತದಂತೆ. ದೇಹ ಇಳಿದರೂ ತಲೆ ಇನ್ನೂ ಇಳಿದಿರುವುದಿಲ್ಲ. ಅಳಿಯ ಒಂದೇ ಸಮನೆ ಮಾತಾಡುತ್ತಿದ್ದ. ನನಗೆ ಮಾತ್ರ ಎರಡು ದಿನ ಪಕ್ಕದಲ್ಲಿ ಇರಬೇಕಾಗಿದ್ದವನೊಬ್ಬ ಇರಲಿಲ್ಲ ಎಂಬುದು ಅಲ್ಲಿ, ಆ ಬಂದರಿನಲ್ಲಿ, ಥಟ್ಟನೆ ಚುಚ್ಚಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅವನ ಹಿರಿಯರು ಹಡಗಿನಿಂದ ಇಳಿದದ್ದೂ ಇದೇ ಗೋವೆಯ ದಂಡೆಯಲ್ಲೇ ಅಲ್ಲವೇ?

ವಾಸ್ಕೋದಲ್ಲಿ ರೈಲು ಹತ್ತಿದೆವು. ಕುಳೆಯಲ್ಲಿ ಹೆಚ್ಚಿನ ಎಂಜಿನ್ ಜೋಡಿಸಿದರು. ದೂಧಸಾಗರ ದಾಟಿ, ಸುರಂಗದ ಮೇಲೆ ಸುರಂಗ ಹಾದು ಕ್ಯಾಸಲ್‌ರಾಕ್ ಬಂತು. ಇದು ನಮ್ಮ ಜೋಯಿಡಾ ತಾಲೂಕು. 1961ರಲ್ಲಿ ಗೋವೆ ಬಿಡುಗಡೆಯಾಗುವ ತನಕ ಪೋರ್ಚುಗೀಸರ ಗಡಿಗೆ ಹತ್ತಿದ ನಮ್ಮ ಕಡೆಯ ಸ್ಟೇಷನ್ ಇದೇ. ಕಿಟಕಿಯ ಹೊರಗೆ ಆ ಕಾಡು, ಆ ಕಂದಕ ನೋಡುತ್ತ ಕೂತೆ. ರೈಲಿಗೇ ಏದುಸಿರು ಬರುವ ಇಂಥ ಘಟ್ಟವನ್ನು ಬರಿಗಾಲಲ್ಲಿ, ರಾತ್ರಿ, ಹಿಡಿಯುವವರಿಗೆ ಹೆದರುತ್ತ ಹತ್ತಿದವರು ಹೇಗೆ ಹತ್ತಿದರೋ!

ಲೋಂಡಾದಲ್ಲಿ ಇಳಿದು ದಾಂಡೇಲಿ ಬಸ್ಸು ಹಿಡಿದೆವು. ದಾರಿಯಲ್ಲಿ ರಾಮನಗರ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಮನೆಮಠ ಕಳೆದುಕೊಂಡವರಿಗಾಗಿ ಎಬ್ಬಿಸಿದ ಊರು. ತಾಲೂಕಿನ ಕೇಂದ್ರವಾಗಿದ್ದ ಸೂಪಾ ಪೇಟೆಯೇ ಕಾಳಿಯ ಹಿನ್ನೀರಿನಡಿ ಹೋಯಿತು, ತಾಲೂಕಿನ ಹೆಸರು ಜೋಯಿಡಾ ಆಯಿತು. ಎಷ್ಟೋ ಸಲ ಈ ದಾರಿಯಲ್ಲಿ ಬಂದಿದ್ದೇನೆ. ಆದರೆ ತಿರುಗಿ ಹೋಗಲು ಊರೇ ಇಲ್ಲದವರ ಊರು ಇದು ಎಂದು ಅನ್ನಿಸಿದ್ದು ಅಂದೇ. ಅಳಿಯನನ್ನು ದಾಂಡೇಲಿಯಲ್ಲಿ ಬಿಟ್ಟು ಕತ್ತಲಾಗುವಷ್ಟರಲ್ಲಿ ಹಳಿಯಾಳ ಸೇರಿದೆ. “ಹೆಂಗಾತು?” ಎಂದಳು ನನ್ನಾಕೆ. “ಭಾರೀ ಆತು” ಎಂದೆ. ಅವಳು ಮುಖ ನೋಡಿದಳು, ಮತ್ತೇನೂ ಕೇಳಲಿಲ್ಲ.

ಮುಂದಿನ ಭಾನುವಾರ ಮುಂಡಗೋಡಕ್ಕೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಎಂದಿನಂತೆ ಕೆಂಪು ನಿಲುವಂಗಿಯ ಲಾಮಾಗಳು. 1966ರಲ್ಲಿ ಟಿಬೆಟಿನವರು ಇಲ್ಲಿ ಬಿಡಾರ ಹೂಡಿದ್ದು, ಈಗ ಅವರ ಮೊಮ್ಮಕ್ಕಳು ನಮ್ಮ ಜೊತೆ ಕನ್ನಡದಲ್ಲಿ ಚೌಕಾಶಿ ಮಾಡುತ್ತಾರೆ. ನನ್ನ ಚೀಲದಲ್ಲಿ ಗೋವೆಯ ಗೋಡಂಬಿ, ಹಡಗಿನ ಅಂಗಡಿಯಲ್ಲಿ ಕೊಂಡ ಬಿಳಿ ಕ್ಯಾಪ್ಟನ್ ಟೋಪಿ.

ಗೆಳೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ. ಟೋಪಿ ಇಟ್ಟುಕೊಂಡು ಸೆಲ್ಯೂಟ್ ಹೊಡೆದ. ಮೊಮ್ಮಗಳು ಮೊಬೈಲಿನಲ್ಲಿ ‘ಸಲಗ’ ಚಿತ್ರಕ್ಕಾಗಿ ಸಿದ್ದಿ ಕಲಾವಿದರು ಹಾಡಿ ಕುಣಿದ ಹಾಡು ಹಚ್ಚಿದ್ದಳು. 2021ರಲ್ಲಿ ದುನಿಯಾ ವಿಜಯ್ ತೆರೆಗೆ ತಂದ ಚಿತ್ರ, ಆ ಹಾಡು ಊರೂರು ಸುತ್ತಿತ್ತಲ್ಲ. ಅದನ್ನು ಕೇಳುತ್ತಿದ್ದಂತೆ ನನ್ನ ಎದೆಯೊಳಗೆ ಹಳೆಯದೊಂದು ರೀಲು ತಾನಾಗಿ ತಿರುಗತೊಡಗಿತು.

1986ರಲ್ಲಿ ದ್ವಾರಕೀಶರ ‘ಆಫ್ರಿಕಾದಲ್ಲಿ ಶೀಲಾ’ ತೆರೆಕಂಡಿತು. ನಮ್ಮೂರಿಗೆ ಬಂದಾಗ ಗಾಂಧಿ ಕ್ಲಾಸು ತುಂಬಿ ತುಳುಕಿತ್ತು. ನಾನು ಆ ದಿನ ಕ್ಯಾಬಿನ್ ಬಿಟ್ಟು ಕೆಳಗೆ ಬೆಂಚಿನಲ್ಲಿ ಕೂತಿದ್ದೆ. ಅವನು ಬಾಗಿಲ ಹತ್ತಿರ ಸೋಡಾ ಕ್ರೇಟು ಹಿಡಿದು ನಿಂತಿದ್ದ. ಆಫ್ರಿಕಾದ ಕಾಡು ಕಂಡದ್ದೇ ತಡ, ಯಾರೋ ಕೂಗಿದರು: “ಲೇ, ನಿಮ್ಮ ಊರು ಬಂತು ನೋಡಲೇ!” ಇಡೀ ಟಾಕೀಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವನೂ ನಕ್ಕ. ಆದರೆ ಎರಡನೆಯ ಆಟಕ್ಕೆ ಅವನು ಇರಲಿಲ್ಲ. ಆ ವಾರವೇ ಕೆಲಸ ಬಿಟ್ಟ. ಗದ್ದೆ ಕೆಲಸ ಇದೆ ಎಂದು ಆಗಲೂ ಹೇಳಿದ್ದ. ನಾನು ಯಾಕೆಂದು ಕೇಳಲಿಲ್ಲ. ಇಷ್ಟು ವರ್ಷ ಜಾತ್ರೆಯಲ್ಲಿ, ಮದುವೆಯಲ್ಲಿ ಎಷ್ಟೋ ಸಲ ಸಿಕ್ಕಿದ್ದೇವೆ, ಕೇಳಲಿಲ್ಲ.

“ಹಡಗ ಹೆಂಗಿತ್ತಲೇ?” ಎಂದ.

“ಭಾರೀ ಇತ್ತು. ಆದ್ರ ಇಳಿಯೂಮುಂದ ಮನಸು ಒಂಥರಾ ಆತು. ನೀ ಯಾಕ ಬರಲಿಲ್ಲ? ಖರೇ ಹೇಳು.”

ಅಡಿಕೆ ಸುಲಿಯುವುದನ್ನು ನಿಲ್ಲಿಸಿದ. “ನಾ ಏನ ಕೇಳಿದ್ದೆ ನೆನಪೈತೇನು? ಹೋಗಿ ಬರೂದೋ, ಬರೇ ಹೋಗೂದೋ ಅಂತ. ನೀ ಬರೇ ಹೋಗೂದು ಅಂದಿ. ನಮ್ಮ ಮಂದಿ ಒಮ್ಮೆ ಹಂಗ ಬಂದಾರ ದೋಸ್ತಾ. ಹಡಗಿನ್ಯಾಗ ಬಂದು ಗೋವಾಕ್ಕ ಇಳದ್ರು, ತಿರುಗಿ ಹೋಗಲಿಲ್ಲ. ಮತ್ತ ಹಂಗ ಬಂದು ಅಲ್ಲೇ ಇಳಿಯಾಕ ನನಗ ಮನಸಾಗಲಿಲ್ಲ. ಹುಚ್ಚ ಅನಸ್ತದೇನು?”

“ಇಲ್ಲ” ಎಂದೆ. ಗಂಟಲು ಕಟ್ಟಿತ್ತು. ಹಾಗೇ ಹೇಳಿಬಿಟ್ಟೆ. “ಆ ಶೀಲಾ ಪಿಚ್ಚರ್ ದಿನ ನಾನೂ ನಕ್ಕಿದ್ನಲೇ.”

ಅವನು ನನ್ನನ್ನೇ ನೋಡಿದ. “ಗೊತ್ತೈತಿ. ಟಾಕೀಸು ನಕ್ಕಿದ್ದು ನನಗೇನೂ ಅನಸಲಿಲ್ಲ, ಮಂದಿ ನಗ್ತಾರ. ಅದರಾಗ ನಿನ್ನ ನಗಿ ಬ್ಯಾರೇನ ಕೇಳಸ್ತು.”

ಇಬ್ಬರೂ ಸುಮ್ಮನೆ ಕೂತೆವು. ಕ್ಷಮಿಸು ಎನ್ನುವ ಮಾತು ನಮ್ಮ ಕಡೆ ದೋಸ್ತರ ನಡುವೆ ಬಾಯಿಗೆ ಬರುವುದಿಲ್ಲ. ನಾನೂ ಒಂದು ಅಡಿಕೆ ಕತ್ತಿ ಎಳೆದುಕೊಂಡು ಸುಲಿಯತೊಡಗಿದೆ. ಅವನು ನನ್ನ ಕೈಕೆಲಸ ನೋಡಿ, “ಬಿಡಪ್ಪಾ, ರೀಲು ಸುತ್ತೂ ಕೈ ಇದಕ್ಕ ಬರೂದಿಲ್ಲ” ಎಂದು ನಕ್ಕ. ಈ ಸಲ ನಾನೂ ನಕ್ಕೆ. ಎರಡೂ ನಗು ಒಂದೇ ಆಗಿತ್ತು.

ಸಂಜೆ ಬಸ್ಸಿಗೆ ಹತ್ತಿಸಲು ಬಂದ. ತಲೆಯ ಮೇಲೆ ಇನ್ನೂ ಆ ಬಿಳಿ ಟೋಪಿ! ಬಸ್ಸು ಹೊರಡುವಾಗ ಕಿಟಕಿಗೆ ಕೈಯಿಟ್ಟು, “ಹೋಗಿ ಬರೂ ಟಿಕೀಟ್ ಇದ್ರ ಹೇಳು. ಬರ್ತೀನಿ” ಎಂದ.

ಗೆಳೆಯರೇ, ಬಂದರಿನಲ್ಲಿ ನನ್ನನ್ನು ಹಿಡಿದ ಆ ಕಲಸುಮೇಲೋಗರ ಏನೆಂದು ಈಗ ಬಲ್ಲೆ. ಖುಷಿ ಹಡಗಿನದು. ಬೇಜಾರು ಮಾತ್ರ ಹಡಗಿನದಲ್ಲ, ಖಾಲಿ ಉಳಿದ ಪಕ್ಕದ ಜಾಗದ್ದು. ಮಗನಿಗೆ ಫೋನ್ ಮಾಡಿ ಹೋಗಿ ಬರುವ ದರ ಕೇಳಿದ್ದೇನೆ. ಹೆಚ್ಚೇ ಇದೆ. ಆದರೆ ಈ ಸಲ ದುಡ್ಡು ಮಗನದಲ್ಲ, ನನ್ನದೇ ಆಗಬೇಕು. ಊರಿನಲ್ಲಿ ಒಂದು ಚೀಟಿಗೆ ಸೇರಿಕೊಂಡಿದ್ದೇನೆ. ಮುಂದಿನ ಚಳಿಗಾಲಕ್ಕೆ ಎತ್ತಿದರೆ ಎರಡು ಟಿಕೆಟ್ಟು, ಗೋವೆಯಿಂದ ಹೊರಟು ಗೋವೆಗೇ ತಿರುಗಿ ಬರುವಂಥದ್ದು.